ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್

ನಾಲ್ಕು ಸ್ಪೀಕರ್‌ಗಳಿಗೆ ಎಂಥ ಪೆಟ್ಟಿಗೆ ಮಾಡಿಸುವುದೆಂದು ಕಟಪಾಡಿಯ ಎಡ್ಮಂಡನಿಗೆ ಎಂಟು ದಿನವಾದರೂ ತೀರ್ಮಾನಿಸಲಾಗಲಿಲ್ಲ. ಭಾನುವಾರ ಬಂದೇಬಿಟ್ಟಿತು.

ಬಹರೈನ್‌ನಿಂದ ಬಂದಿದ್ದ ಹೆಂಡತಿಯ ಅಣ್ಣ ಫೌಸ್ಟಿನ್, ಸ್ಟೀರಿಯೊ ಸೆಟ್ಟನ್ನೂ ಬರಿಮೈಯ ಸ್ಪೀಕರ್‌ಗಳನ್ನೂ ಒಪ್ಪಿಸಿ ಹೇಳಿದ್ದ: "ಭಾನುವಾರ ನಾಲ್ಕು ಗಂಟೆಗೆ ಬರ್ತೇನೆ. ನಾಲ್ಕು ಮೂಲೆಯಿಂದಲೂ ಹಾಡು ಸರಿಯಾಗಿ ಕೇಳಿದರೆ ಸೆಟ್ಟು ನಿನಗೆ. ಇಲ್ಲದಿದ್ದರೆ ಕಾಪುವಿನ ತಂಗಿ ಐರಿನ್ ಮನೆಗೆ." ಅಂದಿನಿಂದ ಎಡ್ಮಂಡ್ ಸೆಟ್ಟಿಗೆ ಟವೆಲು ಹೊದಿಸಿ ಹಸುಗೂಸಿನಂತೆ ಕಾಯುತ್ತಿದ್ದ.

ಬೆಳಿಗ್ಗೆ ಬಡಗಿ ಮುದ್ದಣ್ಣ ಹಲಗೆ ಇಳಿಸಿದ. ಗರಗಸದ ಸದ್ದಿಗೆ ನೆರೆಯವರು ಸೇರಿದರು.

"ದುಬೈಯಲ್ಲಿ ಎಲ್ಲ ಸೊಂಟದೆತ್ತರದ ಪೆಟ್ಟಿಗೆ, ನೆಲದ ಮೇಲೆ," ಎಂದರು ಪಕ್ಕದ ಮನೆಯ ಶೇಕಬ್ಬ.

ಮುದ್ದಣ್ಣ ಉದ್ದಕ್ಕೆ ಕೊಯ್ದ.

"ನೆಲದಲ್ಲಿಟ್ಟರೆ ಹಾಡು ಕೇಳುವುದು ಕಾಲಿಗಾ?" ಎದುರುಮನೆಯ ಕುಶಲಾ ಟೀಚರ್ ನಕ್ಕರು. "ಸಣ್ಣದು ಮಾಡಿ ಗೋಡೆಗೆ ತೂಗಿಸಿ. ಹಾಡು ಮೇಲಿಂದ ಬೀಳಬೇಕು."

ಎಡ್ಮಂಡ್ ಅದಕ್ಕೂ ತಲೆಯಾಡಿಸಿದ. ಮುದ್ದಣ್ಣ ಗಿಡ್ಡಕ್ಕೆ ಕೊಯ್ದ.

"ಬೀಳುವುದು ಹಾಡಲ್ಲ ಟೀಚರೇ, ಪೆಟ್ಟಿಗೆ! ಓರೆ ಮಾಡಿ ಮೂಲೆಗೆ ಕೂರಿಸಿ ಎಡ್ಮಂಡರೇ," ಎಂದರು ಶೇಕಬ್ಬ. ಮುದ್ದಣ್ಣ ಓರೆಗೂ ಕೊಯ್ದ.

ಒಂದು ಗಂಟೆಗೆ ಉಳಿದದ್ದು ಒಲೆಗಾಗುವ ಚೂರುಗಳು. "ಇನ್ನು ಇದರಲ್ಲಿ ಇಲಿಬೋನು ಮಾಡಬಹುದು ಮಾರಾಯ್ರೇ," ಎಂದು ಮುದ್ದಣ್ಣ ಚೀಲ ಎತ್ತಿಕೊಂಡು ಹೋದ.

ಮೂರು ಹೊಡೆಯಿತು. ರಾಕ್ಷಸನ ಒಗಟು ಬಿಡಿಸಲಾಗದ ಅಜ್ಜಿಕತೆಯ ರಾಜಕುಮಾರನಂತೆ ಎಡ್ಮಂಡ್ ಮನೆಯಿಡೀ ಸುತ್ತಿದ. ಅಡುಗೆಮನೆಯಲ್ಲಿ ಹೆಂಡತಿ ಎಸ್ತರಳ ಮಣ್ಣಿನ ಮಡಕೆಗಳು ಕಂಡವು. ಸರಿಯಾಗಿ ನಾಲ್ಕು!

"ಅಯ್ಯೋ, ಅದರಲ್ಲಿ ನಿನ್ನೆಯ ಬಂಗುಡೆ ಮೀನಿನ ಸಾರು ಉಂಟು!"

"ನಿನಗೆ ಸೆಟ್ಟು ಬೇಕಾ, ಸಾರು ಬೇಕಾ?"

ಎಸ್ತರ್ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದಳು. ಅಷ್ಟರಲ್ಲಿ ಅವನು ಸಾರನ್ನು ಪಾತ್ರೆಗೆ ಸುರಿದು, ಮಡಕೆ ತೊಳೆದು ಒರೆಸಿ, ನಾಲ್ಕರ ಬಾಯಿಗೂ ಸ್ಪೀಕರ್ ಕೂರಿಸಿ ಮೂಲೆಗೊಂದರಂತೆ ಇಟ್ಟ.

ನಾಲ್ಕಕ್ಕೆ ಸರಿಯಾಗಿ ಫೌಸ್ಟಿನ್‌ನ ಬಾಡಿಗೆ ಕಾರು ನಿಂತಿತು. ಅವನು ಮಡಕೆಗಳನ್ನು ನೋಡಿದ, ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ. ಕ್ಯಾಸೆಟ್ ತಿರುಗಿತು. ಶೇಕಬ್ಬ ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಕುಶಲಾ ಟೀಚರ್ ಸೆರಗು ಕಚ್ಚಿದರು. ಹಾಡಿನ ತಬಲಕ್ಕಿಂತ ಎಡ್ಮಂಡನ ಎದೆಯೇ ಜೋರಾಗಿ ಬಡಿಯಿತು.

ಹಾಡು ಮುಗಿಯಿತು. ಫೌಸ್ಟಿನ್ ಎದ್ದು ಒಂದು ಮಡಕೆಯನ್ನು ಮೂಸಿದ. "ಬಂಗುಡೆಯಾ?"

ಎಡ್ಮಂಡ್ ತಲೆ ತಗ್ಗಿಸಿದ.

"ಇಂಥ ಧ್ವನಿ ಬಹರೈನ್‌ನಲ್ಲೂ ಕೇಳಿಲ್ಲ ಮಾರಾಯ!" ಫೌಸ್ಟಿನ್ ಅವನನ್ನು ತಬ್ಬಿಕೊಂಡ.

"ನಾನು ಹೇಳಿದ್ದೂ ಅದನ್ನೇ," ಎಂದರು ಶೇಕಬ್ಬ ಮತ್ತು ಟೀಚರ್ ಒಟ್ಟಿಗೆ.

ಫೌಸ್ಟಿನ್ ಡ್ರೈವರನ್ನು ಕರೆದ. "ಎಲ್ಲ ಕಾರಿಗೆ ಇಡು. ಮಡಕೆ ಜಾಗ್ರತೆ."

"ಭಾವ, ಚೆನ್ನಾಗಿದೆ ಅಂದಿರಲ್ಲ?"

"ಅದಕ್ಕೇ! ಕಾರ್ಕಳದಲ್ಲಿ ಅಂಗಡಿ ಹಾಕ್ತಿದ್ದೇನೆ. ಬಾಗಿಲಲ್ಲಿ ಇದನ್ನೇ ಇಟ್ಟರೆ ಜನ ಮುತ್ತಿಕೊಳ್ತಾರೆ."

"ನನಗೆ ಮಾತು ಕೊಟ್ಟಿದ್ದಿರಿ..."

ಫೌಸ್ಟಿನ್ ಅವನ ಬೆನ್ನು ತಟ್ಟಿದ. "ಸಾಧಾರಣವಾಗಿ ಕೇಳಿಸಿದ್ದರೆ ಇಲ್ಲೇ ಬಿಡ್ತಿದ್ದೆ ಎಡ್ಮಂಡ್. ಇಷ್ಟು ಚಂದ ಮಾಡು ಅಂತ ನಿನಗೆ ಹೇಳಿದ್ದು ಯಾರು?"