ಕುಬಸದ ಬುತ್ತಿ ತಿಂದ ಮೈಲೇಜು

ಪಿಕಪ್ ಗಾಡಿ ಕಂಪನಿಯ ಮೈಲೇಜು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕಿತ್ತೂರಿನಿಂದ ಮಾಂತೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವೂ, ತಮ್ಮ ಕುಟುಂಬದವರೂ, ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂಬ ತಮ್ಮ ಅಂಕಿಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಆ ಅಂಕಿಯನ್ನು ನೋಡಿಯೇ ಗಾಡಿ ಕೊಂಡೆ, ಅದರಿಂದಲೇ ದಾರಿಯನ್ನು ಭಾಗಿಸಿ ಡೀಸೆಲ್ ಹಾಕಿಸಿದೆ, ಅದರ ಕೃಪೆಯಿಂದಲೇ ಈಗ ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ವಿಷಯ ಇಷ್ಟೇ. ರಾಮದುರ್ಗಕ್ಕೆ ಕೊಟ್ಟ ತಂಗಿ ಅನ್ನಪೂರ್ಣಾಳ ಚೊಚ್ಚಲ ಕುಬಸ. ಬಸುರಿಗೆ ತವರಿನಿಂದ ಹಸಿರು ಸೀರೆಯ ಜೊತೆ ಬಯಕೆಯ ಬುತ್ತಿ ಹೋಗಬೇಕು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಎಣ್ಣೆಗಾಯಿ, ಕೆನೆಮೊಸರು ಎಲ್ಲವನ್ನೂ ಬುಟ್ಟಿಗಳಲ್ಲಿ ತುಂಬಿ, ಸೋದರತ್ತೆ ಬಾಯವ್ವನ ನೇತೃತ್ವದಲ್ಲಿ ಮನೆಯ ಹೆಂಗಸರನ್ನೆಲ್ಲ ಹತ್ತಿಸಿಕೊಂಡು ಹೊರಟೆ. ಬೈಲಹೊಂಗಲದವರೆಗೂ ತಮ್ಮನ್ನು ಹೊಗಳುತ್ತಲೇ ಗಾಡಿ ಓಡಿಸಿದೆ. ಸವದತ್ತಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಕೆಮ್ಮಿತು, ಸೀನಿತು, ಜೋಳದ ಹೊಲಗಳ ನಡುವೆ ನಿಂತೇಬಿಟ್ಟಿತು.

ಯಾರದೋ ಬೈಕ್ ಹತ್ತಿ, ಕ್ಯಾನ್ ಹಿಡಿದು ಡೀಸೆಲ್ ಹುಡುಕಿಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ಬಾಯವ್ವತ್ತೆ, “ಗಾಡಿಗೆ ಎಣ್ಣಿ ಇಲ್ಲಂದ್ರ ನಾವ್ಯಾಕ ಉಪಾಸ ಕುಂದರಬೇಕು? ಬಿಚ್ಚರಿ ಬುತ್ತಿ!” ಎಂದು ಅಪ್ಪಣೆ ಕೊಟ್ಟಾಗಿತ್ತು. ಆ ದಾರಿಯಲ್ಲಿ ಬಂದ ಕುರಿಗಾರರಿಗೂ ಹೋಳಿಗೆ ಸಂದಿತ್ತು. ಹೀಗಾಗಿ ಬೀಗರ ಮನೆಗೆ ನಾವು ಸಂಜೆ ಹೊತ್ತಿಗೆ ಖಾಲಿ ಬುಟ್ಟಿಗಳನ್ನು ಹೊತ್ತು ಸಂಭ್ರಮದಿಂದ ಪ್ರವೇಶಿಸಿದೆವು. ಹಸಿದು ಕಾದಿದ್ದ ತಂಗಿ ಬುಟ್ಟಿಯೊಳಗೆ ಕೈಯಾಡಿಸಿ ಅರ್ಧ ರೊಟ್ಟಿ ಹುಡುಕಿ ತೆಗೆದಾಗ, ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆದರೂ ತಮ್ಮ ಮೇಲೆ ತಪ್ಪು ಹೊರಿಸಲಾರೆ. ಮರುದಿನ ಅತ್ತೆಯ ಕನ್ನಡಕ ಹಾಕಿಕೊಂಡು ತಮ್ಮ ಜಾಹೀರಾತನ್ನು ಓದಿದೆ. ಅಂಕಿಯ ಪಕ್ಕ ಸಾಸಿವೆ ಕಾಳಿನಷ್ಟು ನಕ್ಷತ್ರ, ಕೆಳಗೆ ‘ಪ್ರಮಾಣಿತ ಪರಿಸ್ಥಿತಿಯಲ್ಲಿ’ ಎಂಬ ಮಾತು. ಎಂಥ ಸತ್ಯಸಂಧತೆ! ಆ ಪರಿಸ್ಥಿತಿಯಲ್ಲಿ ಸವದತ್ತಿ ಗುಡ್ಡದ ಗಾಳಿ ಎದುರಿಗೆ ಬೀಸುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳಬೇಕಾಗಿಲ್ಲ, ಕಂಡ ಗುಡಿಗೆಲ್ಲ ಗಾಡಿ ನಿಲ್ಲಿಸು ಎನ್ನುವ ಸೋದರತ್ತೆಯಂತೂ ಇರುವುದೇ ಇಲ್ಲ.

ಆದಕಾರಣ ಆ ದಿವ್ಯ ಪರಿಸ್ಥಿತಿಯನ್ನು ಕಿತ್ತೂರಿನಿಂದ ರಾಮದುರ್ಗದವರೆಗೆ ವಾರಕ್ಕೊಂದು ದಿನವಾದರೂ ಹಾಸಿಕೊಡಬೇಕೆಂದು ವಿನಂತಿ. ಗಾಳಿಯ ಜೊತೆ ತಾವೇ ಮಾತಾಡಿ. ಅದಾಗದಿದ್ದರೆ, ತಮ್ಮ ಮೈಲೇಜು ಪರೀಕ್ಷೆಯಲ್ಲಿ ಗಾಡಿ ಓಡಿಸಿದ ಆ ಪುಣ್ಯಾತ್ಮನನ್ನು ಕಳಿಸಿ; ಉಸಿರಾಡಿದರೆ ಭಾರ ಹೆಚ್ಚೀತೆಂದು ಉಸಿರು ಬಿಗಿಹಿಡಿದೇ ಓಡಿಸಿದವನಿರಬೇಕು. ತಂಗಿಯನ್ನು ಹೆರಿಗೆಗೆ ತವರಿಗೆ ಕರೆತರಬೇಕು, ಅವಳು ನನ್ನ ಮಾತು ನಂಬಿ ಹೊಸ್ತಿಲೂ ದಾಟುವುದಿಲ್ಲವಂತೆ. ಅವನು ಅವಳೆದುರು ನಿಂತು, ನಿಮ್ಮಣ್ಣ ಸುಳ್ಳುಗಾರ ಅಲ್ಲ, ನಮ್ಮನ್ನು ನಂಬಿದ ಪಾಪದವನು ಎಂದಷ್ಟೇ ಹೇಳಲಿ. ಅವಳು ಮಾತಾಡದಿರುವುದನ್ನು ನನಗೆ ನಿಜಕ್ಕೂ ತಡೆದುಕೊಳ್ಳಲಾಗುತ್ತಿಲ್ಲ.

ಹೊಲದ ಬದಿಯಲ್ಲಿ ನಿಂತೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ಮಾಂತೇಶ

ತಾ.ಕ.: ತಮ್ಮ ಪುಣ್ಯಾತ್ಮನನ್ನು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಈಗಷ್ಟೇ ತಂಗಿಯೇ ಫೋನ್ ಮಾಡಿದ್ದಳು: “ಅಣ್ಣಾ, ಹಡಿಯಾಕ ಅಲ್ಲಿಗೇ ಬರತೇನಿ. ನಿನ್ನ ಗಾಡಿ ಮಾತ್ರ ಬ್ಯಾಡ. ಅದರಾಗ ಹೊಂಟ್ರ ಕೂಸು ದಾರ್ಯಾಗ ಹುಟ್ಟಿ, ಕಿತ್ತೂರ ಮುಟ್ಟೂದ್ರಾಗ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೊಕ್ಕೈತಿ. ನಾ ಬಸ್ಸಿಗೆ ಬರತೇನಿ, ನೀ ಸ್ಟ್ಯಾಂಡಿಗೆ ನಡಕೋಂತ ಬಾ.”