ಬಟಾಣಿಯ ಅಜ್ಞಾತವಾಸ

ನನ್ನ ಮಗಳ ಹೊಟ್ಟೆಗೆ ಹಸಿರು ಹೋಗುತ್ತಿಲ್ಲ. ಈ ಚಿಂತೆ ನನ್ನ ತಲೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟಿತ್ತು.

ಹಸಿರು ಬಟಾಣಿಯಲ್ಲಿ ಪ್ರೋಟೀನ್ ಇದೆ, ನಾರು ಇದೆ, ಕಬ್ಬಿಣ ಇದೆ, ವಿಟಮಿನ್ನುಗಳಂತೂ ಸಂತೆ ನೆರೆದಿವೆ ಎಂದು ಮೊಬೈಲಿನಲ್ಲಿ ಓದಿದ್ದೆ. ನಾಲ್ಕು ವರ್ಷದ ಪುಟ್ಟಿಗೆ ಓದು ಬಾರದಲ್ಲ. ತಟ್ಟೆಯಲ್ಲಿ ಒಂದು ಕಾಳು ಕಂಡರೂ ಬಾಯಿಗೆ ಬೀಗ.

ಅತ್ತೆ ಫೋನಿನಲ್ಲಿ ಹೇಳಿದ್ದರು: "ಬೇಯಿಸೋಕೆ ಹೋಗ್ಬೇಡಮ್ಮ. ಕಾಯಿನೇ ಅವಳ ಕೈಗೆ ಕೊಟ್ಟು ಸುಮ್ನೆ ಇರು."

ಸುಮ್ಮನಿರುವುದೇ? (ಅಷ್ಟೆಲ್ಲ ಓದಿದ್ದಕ್ಕೆ ಮರ್ಯಾದೆ ಬೇಡವೇ?) ಮಗು ನನ್ನ ಕೈಯಡುಗೆಯ ಬಟಾಣಿ ತಿಂದ ಮೇಲೆಯೇ ಅತ್ತೆಗೆ ಫೋನ್ ಮಾಡುವುದೆಂದು ಪಣ ತೊಟ್ಟೆ. ಬಟಾಣಿಗೆ ಅಜ್ಞಾತವಾಸ ವಿಧಿಸಿದೆ. ಬೇಯಿಸಿ, ರುಬ್ಬಿ, ಆಮ್ಲೆಟ್ಟಿನಲ್ಲಿ ಅಡಗಿಸಿದೆ. ಆಲೂಗಡ್ಡೆಯ ಹೊಟ್ಟೆಗೆ ತುಂಬಿದೆ. ಕೊನೆಗೆ ಕೇಕಿಗೂ ಬೆರೆಸಿದೆ. ಅದು ಪಾಚಿ ಹಿಡಿದ ಇಟ್ಟಿಗೆಯಂತೆ ಅವತರಿಸಿತು.

"ತಿನ್ನು ಪುಟ್ಟಿ, ಇದರಲ್ಲಿ ಬಟಾಣಿ ಇಲ್ಲವೇ ಇಲ್ಲ."

(ಯಾರೂ ಕೇಳಿರಲಿಲ್ಲ.)

ಪುಟ್ಟಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಅಪ್ಪಂಗೆ ಕೊಡು. ಅಪ್ಪ ದೊಡ್ಡೋನಾಗಲಿ."

"ಸಾಕಷ್ಟು ಆಗಿದ್ದೀನಮ್ಮ" ಎಂದು ಗೊಣಗಿದ ಯಜಮಾನರು ನನ್ನ ಮುಖ ನೋಡಿ ತಿಂದರು. ವಾರವಿಡೀ ಇದೇ ಕಥೆ. ಸಾಲದ್ದಕ್ಕೆ, ತಂದ ಬಟಾಣಿ ಬುಟ್ಟಿಯಲ್ಲೇ ಕರಗುತ್ತಿತ್ತು.

"ಅಲ್ರೀ, ಅದನ್ನೂ ನೀವೇ ತಿಂದ್ರಾ?"

"ಇನ್ನೆಷ್ಟು ಬಾಯಿಂದ ತಿನ್ನಲಿ ಕಣೆ?"

ಅಷ್ಟರಲ್ಲಿ ಊಟದ ಮೇಜಿನ ಕೆಳಗೆ ಟಪ್ ಎಂದಿತು. ಬಗ್ಗಿ ನೋಡಿದರೆ ಖಾಲಿ ಸಿಪ್ಪೆಗಳ ಗುಡ್ಡೆ. ಅದರ ನಡುವೆ ಮಹಾರಾಣಿಯಂತೆ ಕುಳಿತ ಪುಟ್ಟಿ, ಕಾಯಿ ಒಡೆದು, ಒಂದೊಂದೇ ಕಾಳನ್ನು ಕಟುಂ ಕಟುಂ ಅಗಿಯುತ್ತಿದ್ದಳು.

"ಅದು ಬಟಾಣಿ ಕಣೇ."

"ಇದು ಒಳ್ಳೇ ಬಟಾಣಿ. ನಿಂದು ಅಡುಗೆ ಬಟಾಣಿ."

ಸಂತೋಷಕ್ಕೆ ಅವಳನ್ನು ಬಾಚಿ ಮುದ್ದಾಡಿದೆ. ಅವಮಾನ ಆಮೇಲೆ ನಿಧಾನವಾಗಿ ಬಂತು. ಪಣ ಮುರಿದು ಫೋನ್ ಎತ್ತಿಕೊಂಡೆ.

"ಅತ್ತೆ, ನೀವು ಹೇಳಿದ್ದೇ ಸರಿ. ಹಸಿಯಾಗೇ ತಿಂತಾಳೆ. ಬೇಯಿಸಿದ್ದನ್ನೆಲ್ಲ ನಿಮ್ಮ ಮಗನೇ ತಿಂದ್ರು."

ಅತ್ತೆ ಗೊಳ್ಳೆಂದು ನಕ್ಕರು. "ಬೇಯಿಸಿದ್ದಾ? ಅವನಾ? ನಾನು ಮಾಡಿದ್ರೆ ಮನೆ ಬಿಟ್ಟು ಓಡ್ತಿದ್ದ ಕಣಮ್ಮ. ಅವನೂ ಮಗಳ ಥರಾನೇ."

ತಿರುಗಿ ನೋಡಿದೆ. ಯಜಮಾನರು ಮೇಜಿನ ಕೆಳಗೆ ತೂರಿ, ಮಗಳ ಮುಂದೆ ಕೈ ಚಾಚಿ ಕುಳಿತಿದ್ದರು.

"ನಿಮ್ಮಮ್ಮಂಗೆ ಹೇಳೇ ಪುಟ್ಟಿ," ಎಂದರು ಬಾಯಿ ತುಂಬ ಅಗಿಯುತ್ತ, "ನಾನಿನ್ನು ಇಲ್ಲೇ ಊಟ ಮಾಡ್ತೀನಿ."