ಉಪಗ್ರಹದ ಸಿಂಬಿ

ತಪ್ಪೆಲ್ಲ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ಅತ್ತೆಯ ಮೇಲೆ ಜಾರಿಸಿಬಿಟ್ಟೇನು. ಒಮ್ಮೆ ಹಾಗೆ ಮಾಡಿಯೂ ಆಗಿದೆ. ಎಂಜಿನಿಯರಿಂಗ್ ಓದುವ ನಾನು ಇಂಟರ್ನ್‌ಶಿಪ್ಪಿಗೆ ಸೇರಿದ್ದು ಉಪಗ್ರಹದ ಬಿಡಿಭಾಗಗಳ ಮಾದರಿ ತಯಾರಿಸುವ ಪುಟ್ಟ ಕಂಪನಿಗೆ. ಲೋಹದಲ್ಲಿ ಮಾಡುವ ಮೊದಲು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿ, ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು ಅಲ್ಲಿನ ಕೆಲಸ. ಭಾಗ ಕೆಟ್ಟರೆ ಬೈಗುಳವಿಲ್ಲ. ಯಾಕೆ ಕೆಟ್ಟಿತು ಎಂಬುದನ್ನು ಮಾತ್ರ ನಿಜ ಹೇಳಬೇಕು. ನಮ್ಮ ವಸುಧಾ ಮೇಡಂ ಕನ್ನಡಕ ಹಣೆಗೇರಿಸಿ “ಹೂಂ, ಯಾಕೆ?” ಅನ್ನುವುದನ್ನು ನಾನು ಅವರಿಗಿಂತ ಚೆನ್ನಾಗಿ ಅನ್ನುತ್ತೇನೆ.

ಸೋಮವಾರ ಗ್ರಾಹಕರಿಗೆ ತೋರಿಸಬೇಕಿದ್ದ, ಉಪಗ್ರಹದ ಕ್ಯಾಮೆರಾ ಕೂರಿಸುವ ದಪ್ಪ ಪ್ಲಾಸ್ಟಿಕ್ ಬಳೆಯೊಂದನ್ನು ಶನಿವಾರ ಯಾರನ್ನೂ ಕೇಳದೆ ಚೀಲಕ್ಕೆ ಹಾಕಿಕೊಂಡು ಬಸ್ತಿಹಳ್ಳಿಯ ಅತ್ತೆಯ ಮನೆಗೆ ಹೋದೆ. ಜಂಬ ಕೊಚ್ಚಿಕೊಳ್ಳಲು, ಇನ್ನೇಕೆ? ಮೇಡಂ ದನಿಯಲ್ಲೇ ಭಾಷಣ ಬಿಗಿದೆ: “ಇದು ರಾಕೆಟ್ ಬೆಂಕಿಗೂ ಜಗ್ಗೋದಿಲ್ಲ!” ಮಾವ ಊರ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬ ನೋಡಲು ಬಂದ ಪ್ರವಾಸಿಯಂತೆ ಅದರಲ್ಲಿ ಮುಖ ಹುಡುಕಿದರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅತ್ತೆ ಒಲೆಯಿಂದಿಳಿಸಿದ ಮುದ್ದೆಯ ತಪ್ಪಲೆಯನ್ನು ಅದರ ಮೇಲೆ ಕೂರಿಸಿದ್ದರು. ಬಳೆ ಹಪ್ಪಳದಂತೆ ಸೊಟ್ಟಗಾಗಿತ್ತು.

ಕೂಗಾಡಿಬಿಟ್ಟೆ. “ಅಯ್ಯೋ, ಬೆಂಕಿಗೇ ಜಗ್ಗಲ್ಲ ಅಂದ್ಯಲ್ಲೋ ಮಗಾ! ತಪ್ಪಲೆ ಕೆಳಗಿಡೋ ಸಿಂಬಿ ಸಿಗಲಿಲ್ಲ, ಇದು ಗುಂಡಗೈತೆ ಅಂತ ಇಟ್ಟೆ” ಎಂದ ಅತ್ತೆಯ ಮುಖ ಬಾಡಿಹೋಯಿತು. ಆ ಮುದ್ದೆ ನನಗಾಗಿಯೇ ತೊಳಸಿದ್ದು. ತಲೆ ತಗ್ಗಿಸಿ ಎರಡು ನುಂಗಿದೆ. ನಾಚಿಕೆಗೂ ಹಸಿವಿಗೂ ಜಗಳವಿಲ್ಲ ನೋಡಿ.

ಸೋಮವಾರ ಸೊಟ್ಟ ಬಳೆಯ ಮುಂದೆ ಮೇಡಂ ಕನ್ನಡಕ ಹಣೆಗೇರಿತು. “ಹೂಂ, ಯಾಕೆ?” ಅಷ್ಟು ಸಲ ಅಣಕಿಸಿದ್ದ ಪ್ರಶ್ನೆಗೆ ಉತ್ತರ ಮಾತ್ರ ನಾನು ಕಲಿತಿರಲಿಲ್ಲ. “ಊರಿಗೆ ಒಯ್ದಿದ್ದೆ, ಬಸ್ಸಿನ ಕಿಟಕಿಯ ಬಿಸಿಲಿಗೆ ಬಾಗಿತು, ಮೇಡಂ” ಅಂದೆ. ಅವರು ಗಂಭೀರರಾದರು. ಬಿಸಿಲಿಗೇ ಬಾಗುವುದಾದರೆ ಈ ಪ್ಲಾಸ್ಟಿಕ್ಕೇ ಬೇಡ, ಎಲ್ಲ ಮಾದರಿಗಳನ್ನೂ ಹೊಸದಾಗಿ ಮಾಡೋಣ ಎಂದವರೇ ಗ್ರಾಹಕರಿಗೆ ಬರಬೇಡಿ ಅನ್ನಲು ಫೋನ್ ಎತ್ತಿಕೊಂಡರು. ಜೊತೆಯವರೆಲ್ಲ ಕಷ್ಟಪಟ್ಟು ಮಾಡಿದ್ದು ನನ್ನ ಒಂದು ಸುಳ್ಳಿಗೆ ಕಸದ ಬುಟ್ಟಿ ಸೇರುವುದಿತ್ತು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ಬಳೆಯನ್ನು ಮಗುಚಿದರು. ಅಂಚಿನಲ್ಲಿ ಒಣಗಿ ಅಂಟಿದ್ದ ಏನನ್ನೋ ಉಗುರಿನಿಂದ ಕೆರೆದು, ಮೂಸಿ, ಫೋನ್ ಕೆಳಗಿಟ್ಟರು.

“ನಿಮ್ಮೂರ ಬಸ್ಸಲ್ಲಿ ಕಂಡಕ್ಟರು ಟಿಕೆಟ್ ಜೊತೆ ಮುದ್ದೇನೂ ಬಡಿಸ್ತಾರೇನಪ್ಪಾ?”